ಗಂಜಿ ಕುಡಿದ ಪರದೆ

ಎದುರು ಮನೆಯ ಕಿಟಕಿಪರದೆ ನಮ್ಮ ಮನೆಯದಕ್ಕಿಂತ ಬೆಳ್ಳಗಿದೆ. ಸುಮ್ಮನೆ ಹೇಳುತ್ತಿಲ್ಲ, ಬೆಳಿಗ್ಗೆ, ಮಧ್ಯಾಹ್ನ ಮತ್ತು ಇಳಿಹೊತ್ತಿನ ಬೆಳಕಿನಲ್ಲಿ ಬೇರೆ ಬೇರೆಯಾಗಿ ನೋಡಿ, ಕನ್ನಡಕವನ್ನು ಎರಡು ಸಲ ಒರೆಸಿಕೊಂಡು, ನನಗೇ ಅನನುಕೂಲವಾದ ಈ ತೀರ್ಮಾನಕ್ಕೆ ಬಂದಿದ್ದೇನೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ, ಧಾರವಾಡದ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತನಾದವನಿಗೆ ಸಂಶಯವೆಂಬುದು ಉದ್ಯೋಗವೂ ಹೌದು, ರೋಗವೂ ಹೌದು. ಆದರೆ ಇಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಎರಡೂ ಪರದೆಗಳು ಹುಬ್ಬಳ್ಳಿಯ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ತಾನಿನಿಂದ ಕತ್ತರಿಸಿದವು. ಎರಡೂ ಮನೆಗಳ ನಡುವಿನ ರಸ್ತೆ ಒಂದೇ; ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗುವ ಲಾರಿಗಳು ಎಬ್ಬಿಸುವ ಧೂಳು ಪಕ್ಷಪಾತ ಅರಿಯದ ಧೂಳು. ಹೀಗಿದ್ದೂ ಎಂಟು ವರ್ಷಗಳಲ್ಲಿ ಅವರದು ಹಾಲಿನ ಕೆನೆಯಾಗಿಯೇ ಉಳಿದು, ನಮ್ಮದು ಆರಿದ ಚಹಾ ಆಗಿದೆ.

ಇದಕ್ಕೆ ಕಾರಣ ಧೂಳಲ್ಲ, ಶಿವಾನಂದಣ್ಣ. ಎದುರು ಮನೆಯ ಯಜಮಾನರು, ಹತ್ತಿ ವ್ಯಾಪಾರಿಗಳು. ಅಮಾವಾಸ್ಯೆಗೊಮ್ಮೆ ಅಂಗಡಿ ಗುಡಿಸಿ ಒರೆಸಿ ಪೂಜೆ ಮಾಡುವುದು ಅವರ ಮನೆತನದ ಪದ್ಧತಿ. ಪೂಜೆ ಮುಗಿಸಿ ಮನೆಗೆ ಬಂದವರು ಅದೇ ಉಮೇದಿನಲ್ಲಿ ಕಿಟಕಿಪರದೆಗಳಿಗೂ ಕೈ ಹಚ್ಚುತ್ತಾರೆ. ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ, ಮಗುವಿನ ತಲೆ ಬಾಚಿದಂತೆ, ಮಡಿಕೆ ಮಡಿಕೆಯ ಧೂಳು ಇಳಿಸುತ್ತಾರೆ. ಕಲೆ ಕಂಡಲ್ಲಿ ಒದ್ದೆ ಬಟ್ಟೆಯಿಂದ ಒತ್ತುತ್ತಾರೆ, ತಿಕ್ಕುವುದಿಲ್ಲ. ನನ್ನ ಹೆಂಡತಿ ಶಾರದಾ ಇದನ್ನು ನಮ್ಮ ಕಿಟಕಿಯಿಂದ ನೋಡುತ್ತಾಳೆ. ಅವಳು ನೋಡುವುದನ್ನು ನಾನು ನೋಡುತ್ತೇನೆ.

“ನೋಡ್ರಿ, ಅವರು ಧೂಳು ಜಾಡಸ್ತಾರ. ನೀವು ಧೂಳಿನ ಬಗ್ಗೆ ವಿಚಾರ ಮಾಡ್ತೀರಿ,” ಎಂದಳು ಹೋದ ತಿಂಗಳ ಅಮಾವಾಸ್ಯೆಗೆ.

ಈ ವಯಸ್ಸಿನಲ್ಲಿ ಅಸೂಯೆಯೇ ಎಂದು ನೀವು ನಗಬಹುದು. ನಗಿರಿ. ಆದರೆ ನನ್ನ ಬಳಿ ಒಂದು ನಗು ಇತ್ತು, ಅದರ ಭದ್ರತೆಯ ಮೇಲೆಯೇ ನಾನು ಇಷ್ಟು ವರ್ಷ ಶಿವಾನಂದಣ್ಣನವರನ್ನು ಸಹಿಸಿಕೊಂಡು ಬಂದಿದ್ದೆ. ಪರದೆಗಳನ್ನು ತೂಗುಹಾಕಿದ ದಿನ, ಕಡ್ಡಿ ಪೋಣಿಸಿ ಮಡಿಕೆ ಮಡಿಕೆಯಾಗಿ ಏರಿಸಿಳಿಸುವ ಇಂಥ ಪರದೆಗೆ ಬ್ಲೈಂಡ್ ಎಂಬ ಹೆಸರು ಯಾಕೆ ಬಂತು ಎಂದು ಯಾರೋ ಕೇಳಿದಾಗ, “ಹಾಕಿದ ಮ್ಯಾಲ ಮನಿಯವರಿಗೆ ಅದರ ಮ್ಯಾಲಿನ ಧೂಳು ಕಾಣೂದಿಲ್ಲಲ್ಲ, ಅದಕ್ಕ” ಎಂದು ನಾನು ಸ್ಟೂಲಿನ ಮೇಲಿನಿಂದಲೇ ಹೇಳಿದ್ದೆ. ಶಾರದಾ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು. ಅಷ್ಟು ನಗು ಅವಳಿಂದ ಅದಕ್ಕೂ ಮೊದಲು ನನಗೆ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಆ ಮಾತನ್ನು ನಾನು ಎಷ್ಟೋ ಮದುವೆಯೂಟಗಳಲ್ಲಿ, ಎರಡು ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿ ಪಾವನನಾಗಿದ್ದೇನೆ.

ಹಾಗಾಗಿ ಈ ಸಲ ಶಾರದಾ ತಂಗಿಯ ಮನೆಗೆಂದು ಹುಬ್ಬಳ್ಳಿಗೆ ಹೋದ ದಿನ, ಎದುರು ಮನೆಯನ್ನು ಒಂದೇ ಏಟಿಗೆ ಸೋಲಿಸುವ ಸಂಕಲ್ಪ ಮಾಡಿ ಪರದೆಯನ್ನು ಇಳಿಸಿದೆ. ಒಳಗಿನ ಕಡ್ಡಿಗಳನ್ನು ಎಳೆದು ತೆಗೆದು, ಬಟ್ಟೆಯನ್ನು ಟಬ್ಬಿನಲ್ಲಿ ನೆನೆಸಿದೆ. ಶಿವಾನಂದಣ್ಣನವರದು ಕೇವಲ ಬ್ರಷ್ಷು. ನನ್ನ ಬೆನ್ನಿಗೆ ಪರಂಪರೆ ಇತ್ತು. ನಮ್ಮವ್ವ ಅಪ್ಪನ ಧೋತರಗಳನ್ನು ಒಗೆದು, ಬಕೆಟ್ಟಿಗೆ ಎರಡು ಮುಚ್ಚಳ ನೀಲಿ ಹಾಕಿ, ಅನ್ನದ ಗಂಜಿಯಲ್ಲಿ ಅದ್ದಿ ಒಣಹಾಕುತ್ತಿದ್ದದ್ದು, ಅವು ಹಿತ್ತಲಿನಲ್ಲಿ ಗಾಳಿಗೆ ಪಟಪಟಿಸುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮುಚ್ಚಳ ಎರಡೋ ಮೂರೋ ಎಂಬಲ್ಲಿ ಮಾತ್ರ ಸ್ವಲ್ಪ ಅನುಮಾನವಿತ್ತು. ಪರದೆ ಧೋತರಕ್ಕಿಂತ ದಪ್ಪ ಎಂಬ ತರ್ಕದ ಮೇಲೆ ನಾಲ್ಕು ಹಾಕಿದೆ; ಗಂಜಿಯನ್ನೂ ಅದೇ ತರ್ಕದ ಮೇಲೆ ಗಟ್ಟಿಯಾಗಿಯೇ ಕಾಯಿಸಿ ಅದ್ದಿದೆ.

ಸಂಜೆಗೆ ಪರದೆ ಒಣಗಿತು ಎನ್ನುವುದಕ್ಕಿಂತ ಹಪ್ಪಳವಾಯಿತು ಎನ್ನಬೇಕು. ಹಗ್ಗದಿಂದ ಇಳಿಸಿ ಗೋಡೆಗೆ ಒರಗಿಸಿದರೆ ತಾನೇ ನಿಂತುಕೊಂಡಿತು. ಮೈತುಂಬ ಶ್ರಾವಣದ ಮೋಡಗಳಂತೆ ನೀಲಿ ಮಚ್ಚೆಗಳು. ಅಕ್ಕನಿಗೆ ಫೋನು ಮಾಡಿ ಅವ್ವನ ನೀಲಿಯ ಪ್ರಮಾಣ ಕೇಳಿದೆ.

“ಅವ್ವ ಯಾವಾಗ ನೀಲಿ ಹಾಕಿದ್ಲೋ ತಮ್ಮಾ? ಅಪ್ಪನ ಧೋತರ ಅಗಸರ ಮನಿಗೆ ಹೋಗ್ತಿದ್ವು. ನೀನ ಗಂಟು ಹೊತ್ಕೊಂಡು ಹೋಗಿ ಕೊಟ್ಟು ಬರ್ತಿದ್ದಿ,” ಎಂದಳು ಅಕ್ಕ.

ಅಂದರೆ ನಾನು ಕಣ್ಣಾರೆ ಕಂಡ ಹಿತ್ತಲು, ಗಾಳಿ, ಪಟಪಟ ಎಲ್ಲ ಯಾರದೋ ಮನೆಯವು. ಈ ಆಘಾತದಿಂದ ಚೇತರಿಸಿಕೊಳ್ಳುವ ಮೊದಲೇ ಶಾರದಾ ಬಂದಳು, ನೋಡಿದಳು, ಕೈಯ ಚೀಲವನ್ನೂ ಇಳಿಸದೆ ಎದುರು ಮನೆಗೆ ಹೋಗಿ ಶಿವಾನಂದಣ್ಣನವರನ್ನು ಕರೆದುಕೊಂಡು ಬಂದಳು. ಅದಕ್ಕಿಂತ ಬೈಗುಳ ವಾಸಿಯಿತ್ತು.

ಅವರು ಪರದೆಯನ್ನು ಬೆರಳಿನಿಂದ ಬಡಿದು ನೋಡಿದರು. ಹಲಗೆಯಂತೆ ಸದ್ದು ಬಂತು. “ಸರ, ಇದಕ್ಕ ಗಂಜಿ ಕುಡಿಸೀರೇನ್ರಿ? ಮಲಗಿದ ಪೇಷಂಟಿಗೆ ಕುಡಿಸೂದ್ರಿ ಅದು,” ಎಂದರು. ಆಮೇಲೆ ಟಬ್ಬಿಗೆ ತಣ್ಣೀರು ತುಂಬಿಸಿ, ಹಿಂಡದೆ ಕೈಯಲ್ಲಿ ಒತ್ತಿ ಒತ್ತಿ ಗಂಜಿ ಬಿಡಿಸಿ, ಕಡ್ಡಿ ಪೋಣಿಸಿ, ಇನ್ನೂ ಹಸಿ ಇರುವಾಗಲೇ ಕಿಟಕಿಗೆ ಏರಿಸಿದರು; ತೂಕಕ್ಕೆ ತಾನೇ ನೆಟ್ಟಗಾಗುತ್ತದಂತೆ. ನಾನು ಕೆಳಗೆ ನಿಂತು ಸ್ಕ್ರೂ ಕೊಡುತ್ತಿದ್ದೆ. ಮಾನ ಉಳಿಸಿಕೊಳ್ಳಲು ನನ್ನ ಹಳೆಯ ಮಾತನ್ನೇ ತೆಗೆದೆ: “ಇದಕ್ಕ ಬ್ಲೈಂಡ್ ಅಂತ ಯಾಕಂತಾರ ಗೊತ್ತೇನ್ರಿ...”

“ಅದು ಶಿವಾನಂದಣ್ಣಾರ ಮಾತಲ್ಲೇನ್ರಿ?” ಎಂದಳು ಶಾರದಾ. “ಅವತ್ತೂ ಸ್ಟೂಲಿನ ಮ್ಯಾಲ ಅವರ ಇದ್ರು. ನೀವು ಹಿಂಗ ಕೆಳಗ ಇದ್ರಿ.”

ಶಿವಾನಂದಣ್ಣ ಸ್ಟೂಲಿನಿಂದಲೇ ಕೈ ಬೀಸಿದರು. “ಯಾರದರ ಇರಲಿ ಬಿಡ್ರಿ ವೈನಿ. ಸರ ಹೇಳಿದ್ರ ಛಲೋ ಒಪ್ಪತೈತಿ.”

ಮಾತನ್ನೂ ದಾನ ಮಾಡಿಬಿಟ್ಟರು! ಕಸಿದುಕೊಂಡಿದ್ದರೆ ಜಗಳವಾಡಬಹುದಿತ್ತು. ಅವರು ಚಹಾ ಕುಡಿದು ಹೋದ ಮೇಲೆ ನಾನು ಆ ಹಸಿ ಪರದೆಯ ಎದುರು ಕೂತುಬಿಟ್ಟೆ. ಅವ್ವನ ನೀಲಿ ಹೋಯಿತು, ಚಿಂತೆಯಿಲ್ಲ. ಸ್ಟೂಲು ಹೋಯಿತು, ಮಾತು ಹೋಯಿತು. ಆದರೆ ಆ ನಗು? ಎಂಟು ವರ್ಷ ನನ್ನದೆಂದು ಕಾಪಾಡಿಕೊಂಡು ಬಂದದ್ದು ಎದುರು ಮನೆಯವರ ಸ್ವತ್ತಾಗಿದ್ದರೆ? ಕೇಳದೇ ಇದ್ದರೆ ಅನುಮಾನದ ಲಾಭವಾದರೂ ನನಗಿರುತ್ತಿತ್ತು. ಆದರೂ ಕೇಳಿದೆ.

“ಅವತ್ತ ಅಷ್ಟು ನಕ್ಕಿಯಲ್ಲ, ಅದು ಅವರ ಮಾತಿಗೆ ಏನು?”

ಶಾರದಾ ಚಹಾದ ಕಪ್ಪುಗಳನ್ನು ಎತ್ತುತ್ತಿದ್ದವಳು ನಿಂತಳು. “ಮಾತಿಗೆ ಯಾರು ನಕ್ಕಾರ್ರಿ? ಅವರು ಮ್ಯಾಲ ಸ್ಕ್ರೂ ಹಾಕೂಮುಂದ ಪರದಾ ಜಾರಿ ನಿಮ್ಮ ತಲಿಮ್ಯಾಲ ಬಿತ್ತು. ನೀವು ತಗೀಲೇ ಇಲ್ಲ. ಸೆರಗು ಹೊತ್ಕೊಂಡ ಮದಿಮಗಳಂಗ ನಿಂತು, ಒಳಗಿಂದ ‘ಆತೇನು? ಆತೇನು?’ ಅನ್ನಾಕತ್ತಿದ್ರಿ.” ಇಷ್ಟು ಹೇಳುವಷ್ಟರಲ್ಲಿ ನಗುವಿಗೆ ಅವಳ ಕೈಯ ಕಪ್ಪುಗಳು ಗಿಲಗಿಲ ಎನ್ನತೊಡಗಿದ್ದವು.

ನನಗೆ ಇದು ಒಂದಿಷ್ಟೂ ನೆನಪಿಲ್ಲ. ಕಣ್ಣಿಗೆ ಕಟ್ಟಿದಂತಿದ್ದ ನೆನಪುಗಳೆಲ್ಲ ಒಂದೇ ದಿನ ಸುಳ್ಳಾದ ಮೇಲೆ, ನೆನಪೇ ಇಲ್ಲದ ಇದೊಂದನ್ನು ಮಾತ್ರ ನಾನು ಯಾವ ಪುರಾವೆಯನ್ನೂ ಕೇಳದೆ ನಂಬಿದ್ದೇನೆ. ತರ್ಕಶಾಸ್ತ್ರ ನನ್ನನ್ನು ಕ್ಷಮಿಸಲಿ.

ನಿನ್ನೆ ಮತ್ತೆ ಅಮಾವಾಸ್ಯೆ. ಎದುರು ಮನೆಯ ಪರದೆ ಈಗಲೂ ನಮ್ಮದಕ್ಕಿಂತ ಬೆಳ್ಳಗಿದೆ. ನಮ್ಮದಕ್ಕೆ ಮೂಲೆಯಲ್ಲಿ ಒಂದು ನೀಲಿ ಮೋಡ ಖಾಯಂ ಆಗಿದೆ. ನಾನೂ ಬ್ರಷ್ಷು ಹಿಡಿದು, ಮೇಲಿನಿಂದ ಕೆಳಕ್ಕೆ ಧೂಳು ಇಳಿಸುತ್ತಿದ್ದಾಗ ಒಂದು ಕೊಂಡಿ ಬಿಚ್ಚಿಕೊಂಡು ಪರದೆ ತಲೆಯ ಮೇಲೆ ಬಿತ್ತು. ತಾನಾಗಿಯೇ ಬಿಚ್ಚಿತೋ, ನಾನು ಬಿಚ್ಚಿದೆನೋ, ಪ್ರಮಾಣ ಮಾಡಿ ಹೇಳಲಾರೆ. ಒಳಗೆ ಧೂಳಿನ ವಾಸನೆ, ಮಂದ ಬೆಳಕು. ಎದುರು ಮನೆ ಕಾಣುತ್ತಿರಲಿಲ್ಲ. ಅಡುಗೆಮನೆಯಿಂದ ಹೆಜ್ಜೆ ಸಪ್ಪಳ ಹತ್ತಿರ ಬಂದು ನಿಂತಿತು.

“ಆತೇನು?” ಎಂದೆ.