ಬೆನ್ನಿಗೆ ಮುಟ್ಟಿದವರು ಯಾರು?

ಕಾಣದ ಕೈ ಮುಟ್ಟಿತು, ಹಿಂದೆ ಯಾರೋ ನಿಂತಂತಾಯಿತು ಎಂದು ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುವವಳು. ಬಿಸಿಲು ತಲೆಗೇರಿರಬೇಕು, ಒಂದು ಲೋಟ ಮಜ್ಜಿಗೆ ಕುಡಿ ಎನ್ನುತ್ತಿದ್ದೆ. ಈಗ ಅಂಥದೇ ಸಂಗತಿಯನ್ನು ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ. ನನ್ನ ಹೆಸರು ಮಾತ್ರ ಹಾಕುವುದಿಲ್ಲ. ಯಾಕೆಂದು ಓದುತ್ತ ಹೋದರೆ ನಿಮಗೇ ಗೊತ್ತಾಗುತ್ತದೆ.

ನಾನು ಚಿತ್ತಾಪುರ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗಿ ಕುಷ್ಠರೋಗದ ಗುರುತು ಹುಡುಕುವುದೂ ನಮ್ಮ ಕೆಲಸವೇ. ಗಂಡಸರನ್ನು ಜೊತೆಗೆ ಬಂದ ಕಾರ್ಯಕರ್ತ ಅಂಗಳದಲ್ಲಿ ನೋಡುತ್ತಾನೆ, ಹೆಂಗಸರನ್ನು ನಾನು ಒಳಕೋಣೆಯಲ್ಲಿ ನೋಡುತ್ತೇನೆ. ಕಲೆ ಕಂಡ ಕೂಡಲೇ ಇಂಥದೇ ಎಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ತುರಿಸುತ್ತ ಉಂಗುರದ ಹಾಗೆ ಅಂಚು ಕಟ್ಟಿದರೆ ಹುಳಕಡ್ಡಿ. ಉಗುರಿನಿಂದ ಕೆರೆದಾಗ ಸಣ್ಣ ಹೊಟ್ಟು ಉದುರಿದರೆ ಚಿಬ್ಬು. ಹಾಲಿನಂತೆ ಬೆಳ್ಳಗಿದ್ದು, ಮುಟ್ಟಿದ್ದು ತಿಳಿಯುತ್ತಿದ್ದರೆ ತೊನ್ನು, ಅದು ಯಾರಿಗೂ ಅಂಟುವುದಿಲ್ಲ. ಮೈಬಣ್ಣಕ್ಕಿಂತ ತುಸು ತಿಳಿಯಾಗಿದ್ದು, ತುರಿಕೆ ಇಲ್ಲ, ನೋವಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ ಎಂದಾದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಹಾಗೆ ಕಳಿಸುವಾಗೆಲ್ಲ, "ಗುಳಿಗಿ ತಗೊಂಡ್ರ ಪೂರಾ ಹೋಗ್ತದರಿ. ಇದ್ರಾಗ ನಾಚ್ಕೊಳ್ಳೋದು ಏನದ?" ಎಂದು ಬುದ್ಧಿ ಹೇಳುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಮಧ್ಯಾಹ್ನ ರಾವೂರಿನಲ್ಲಿ ನೀಲಮ್ಮ ಎಂಬಾಕೆಯ ಮನೆಗೆ ಹೋಗಿದ್ದೆ. ಆಕೆ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುವವಳು. ಮೊಣಕೈ ಹತ್ತಿರ ಒಂದು ಕಲೆ ಇತ್ತು. ಒಳಕೋಣೆಯಲ್ಲಿ ಎದುರುಬದುರು ಕೂತೆವು. ನಮ್ಮ ಪರೀಕ್ಷೆ ಸರಳ. ಅವರು ಕಣ್ಣು ಮುಚ್ಚಬೇಕು, ನಾನು ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಬೇಕು, ಮುಟ್ಟಿದ ಜಾಗಕ್ಕೆ ಅವರು ಬೆರಳಿಟ್ಟು ತೋರಿಸಬೇಕು. ನೀಲಮ್ಮ ಪ್ರತಿ ಸಲವೂ ಸರಿಯಾಗಿಯೇ ತೋರಿಸಿದಳು. ಇನ್ನೊಮ್ಮೆ ನೋಡಿ ಮುಗಿಸೋಣವೆಂದು ಪೆನ್ನು ಎತ್ತಿದ್ದೆ, ಇನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ನನ್ನದೇ ಬೆನ್ನಿಗೆ, ಎಡಭಾಗದಲ್ಲಿ, ರವಿಕೆಯ ಒಳಗೆ, ಪೆನ್ನಿನ ತುದಿ ತಾಗಿದ ಹಾಗಾಯಿತು. ಥಟ್ಟನೆ ತಿರುಗಿ ನೋಡಿದೆ. ಫರಸಿ ಕಲ್ಲಿನ ಗೋಡೆ, ಅದಕ್ಕೆ ಒತ್ತಿ ಮಡಚಿಟ್ಟ ಕೌದಿಗಳು. ಬೇರೆ ಯಾರೂ ಇರಲಿಲ್ಲ.

ಮತ್ತೆ ಈ ಕಡೆ ಹೊರಳಿದರೆ ನೀಲಮ್ಮ ಕಣ್ಣು ಮುಚ್ಚಿಕೊಂಡೇ ಕೈ ಹಿಂದಕ್ಕೆ ಒಯ್ದು, ತನ್ನ ಬೆನ್ನಿನ ಎಡಭಾಗಕ್ಕೆ ಬೆರಳಿಟ್ಟಿದ್ದಳು.

"ಈಗ ಇಲ್ಲಿ ಮುಟ್ಟೀರಿ," ಅಂದಳು.

"ನಾ ನಿಮ್ಮ ಮುಂದ ಕುಂತೀನಿ. ಬೆನ್ನಿಗಿ ಹ್ಯಾಂಗ ಮುಟ್ಟಲಿ?"

"ಅದು ನಂಗ ಗೊತ್ತಿಲ್ರಿ ಅಕ್ಕೋರೆ. ಮುಟ್ಟಿದ್ದು ಮಾತ್ರ ಖರೆ."

ಆಕೆಯದು ಬರೀ ಹುಳಕಡ್ಡಿ ಎಂದು ಹೇಳಿ, ಮುಲಾಮಿನ ಮಾತು ಮುಗಿಸಿ, ಅವಸರದಲ್ಲಿ ಹೊರಗೆ ಬಂದೆ. ಮನೆಗೆ ಹೋದವಳೇ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಬೆನ್ನಿನ ಫೋಟೋ ತೆಗೆದೆ. ಅದೇ ಜಾಗದಲ್ಲಿ ಅಂಗೈಯಷ್ಟು ತಿಳಿಬಣ್ಣದ ಮಚ್ಚೆ. ಬಾಚಣಿಗೆಯ ತುದಿ ಒತ್ತಿ ನೋಡಿದೆ. ಸುತ್ತಲೂ ತಿಳಿಯಿತು, ಮಚ್ಚೆಯ ಮೇಲೆ ಮಾತ್ರ ಏನೂ ತಿಳಿಯಲಿಲ್ಲ.

ಬೇರೆಯವರ ಮೈಮೇಲೆ ಕಂಡಿದ್ದರೆ ಅಂದೇ ಕಳಿಸುತ್ತಿದ್ದೆ. ನನ್ನದೆಂದಾಗ ವಾರಗಟ್ಟಲೆ ಬಾಯಿ ಬಿಡಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ನನ್ನ ಪರಿಚಯದವರು, ಅವರ ಮುಂದೆ ಬೆನ್ನು ತೋರಿಸುವುದೆಂದರೆ ಭೂಮಿಗಿಳಿದು ಹೋದಂತಾಗುತ್ತಿತ್ತು. ಕಡೆಗೆ ಸುಲೇಪೇಟದಲ್ಲಿರುವ ಅಕ್ಕನ ಮನೆಯ ನೆಪ ಹೇಳಿ, ನನ್ನ ಗುರುತಿಲ್ಲದ ದೂರದ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಕಣ್ಣು ಮುಚ್ಚಲು ಹೇಳಿದರು. ಮುಚ್ಚಿಕೊಂಡು ಕಾದೆ.

"ಇನ್ನಾ ಮುಟ್ಟಿಲ್ಲೇನ್ರಿ ಮೇಡಂ?"

"ಆಗಳೇ ಮೂರು ಸಲ ಮುಟ್ಟೀನಿ."

ನನಗೆ ಅಳು ಬಂತು. ಇನ್ನಷ್ಟು ಕಾಲ ಬಿಟ್ಟಿದ್ದರೆ ನರಕ್ಕೆ ಪೆಟ್ಟು ಬಿದ್ದು ಕೈಬೆರಳು ಸೊಟ್ಟಗಾಗುವ ಭಯವಿತ್ತು ಎಂದರು. ನಿಮ್ಮ ಕಣ್ಣಿಗೆ ಕಾಣದ ಜಾಗ, ಯಾರು ನೋಡಿ ಹೇಳಿದರು ಎಂದು ಕೇಳಿದರು. ನಮ್ಮಕ್ಕ ಎಂದು ಸುಳ್ಳು ಹೇಳಿದೆ. ತಿಂಗಳುಗಟ್ಟಲೆ ಗುಳಿಗೆ ನುಂಗಿದೆ. ಗಂಡ ಕೇಳಿದಾಗ ಶಕ್ತಿಗೆ ಕೊಟ್ಟಿದ್ದಾರೆ ಎಂದೆ. ರೋಗ ವಾಸಿಯಾಯಿತು, ಮಚ್ಚೆ ಮಾಸಿತು. ಆ ಜಾಗಕ್ಕೆ ಸ್ಪರ್ಶ ಮಾತ್ರ ಇಂದಿಗೂ ಬಂದಿಲ್ಲ.

ಕೆಡುತ್ತಿರುವ ನರ ಕೆಲವೊಮ್ಮೆ ತಾನಾಗಿ ಚುರುಕ್ ಎನ್ನಬಹುದಂತೆ. ಅದನ್ನು ಒಪ್ಪುತ್ತೇನೆ. ಆದರೆ ಕಣ್ಣು ಮುಚ್ಚಿ ಕೂತ ನೀಲಮ್ಮ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬೆರಳಿಟ್ಟಿದ್ದಕ್ಕೆ ಏನು ಹೇಳಬೇಕು? ಆಕೆಯನ್ನೇ ಕೇಳಬಹುದಿತ್ತು. ಕೇಳಿದರೆ ನನ್ನದನ್ನೂ ಹೇಳಬೇಕಾಗುತ್ತದೆ. ಮುಂದಿನ ಸಲ ಆ ಓಣಿಯನ್ನೇ ಇನ್ನೊಬ್ಬ ಆಶಾ ಕಾರ್ಯಕರ್ತೆಗೆ ಬಿಟ್ಟುಕೊಟ್ಟೆ.

ಹೋದ ವರ್ಷ ಶಹಾಬಾದಿನಿಂದ ಬರುವಾಗ ತುಂಬಿದ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬಾಕೆ ಬಂದು ಕೂತಳು. ನೋಡಿದರೆ ನೀಲಮ್ಮ. ಮಕ್ಕಳು, ಮನೆ ಎಂದು ಎರಡು ಮಾತಾಡಿದಳು. ಆಮೇಲೆ ದನಿ ತಗ್ಗಿಸಿ, ಭಾಳ ಅಕ್ಕರೆಯಿಂದ ಕೇಳಿದಳು:

"ನಿಮ್ಮ ಬೆನ್ನ ಈಗ ಹ್ಯಾಂಗದರಿ ಅಕ್ಕೋರೆ?"

ಆ ಡಾಕ್ಟರಮ್ಮನ ಹೊರತು ಯಾವ ನರಪಿಳ್ಳೆಗೂ ನಾನು ಹೇಳಿರಲಿಲ್ಲ. ಮುಂದಿನ ಸೀಟಿನವರು ಹೊರಳಿ ನೋಡಿದ ಹಾಗಾಯಿತು.

"ನನ್ನ ಬೆನ್ನಿಗಿ ಏನಾಗ್ಯಾದ? ಬ್ಯಾರೆ ಯಾರನ್ನೋ ನೆನಸ್ಕೊಂಡು ಮಾತಾಡ್ಲಿಕತ್ತೀರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದೆ.

ಬಸ್ಸು ಎಲ್ಲಿ ನಿಂತಿತೋ ಅಲ್ಲೇ ಇಳಿದುಬಿಟ್ಟೆ. ಅದು ನನ್ನ ಊರಲ್ಲ. ಬಸ್ಸು ಹೊರಟಾಗ ಆಕೆ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ಹೇಗೆ ಗೊತ್ತಾಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ. ಆ ಬಿಸಿಲಿನಲ್ಲಿ ಸೆರಗನ್ನು ಬೆನ್ನ ತುಂಬ ಹೊದ್ದುಕೊಂಡು ಇನ್ನೊಂದು ಬಸ್ಸಿಗೆ ಕಾಯುತ್ತ ನಿಂತೆ.