ಆರ್.ಎ. ಆಗಿದ್ದವರು

ನಮ್ಮ ಆಡಿಟರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಲೆಕ್ಕದ ಪುಸ್ತಕಗಳ ಚೀಲವನ್ನು ಅದೇ ಹೆಗಲಿಗೆ ಹಾಕಿಕೊಂಡು ಬಂಟ್ವಾಳದಿಂದ ಸಿದ್ಧಕಟ್ಟೆ, ಮೂಡುಬಿದಿರೆ, ಬೆಳ್ತಂಗಡಿ ಎಂದು ಇಪ್ಪತ್ತು ವರ್ಷ ಬಸ್ಸು ಹತ್ತಿ ಇಳಿದಿದ್ದರು. ಚೀಲ ಕೆಳಗಿಟ್ಟ ಮೇಲೂ ಭುಜ ಮೇಲೇಳುತ್ತಿರಲಿಲ್ಲ.

ಮದ್ರಾಸಿನಲ್ಲಿ ಕಲಿತು ಬಂದ ಅವರು ರಿಜಿಸ್ಟರ್ಡ್ ಅಕೌಂಟೆಂಟ್. ಹೆಸರಿನ ಮುಂದೆ ಆರ್.ಎ. ಎಂದು ಬರೆಯುತ್ತಿದ್ದರು. ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ ಹೊಸ ಕಾಯಿದೆಯಾಯಿತು. ಸರಕಾರದ ಪಟ್ಟಿಯಲ್ಲಿದ್ದ ಆರ್.ಎ.ಗಳೆಲ್ಲ ಚಾರ್ಟರ್ಡ್ ಅಕೌಂಟೆಂಟರಾದರು. ಇವರ ಹೆಸರು ಆಗ ಪಟ್ಟಿಯಲ್ಲಿರಲಿಲ್ಲ. ಹೆಂಡತಿ ಕ್ಷಯದಿಂದ ಮಲಗಿದ್ದ ದಿನಗಳಲ್ಲಿ ನೋಂದಣಿಯನ್ನು ನವೀಕರಿಸುವುದು ತಪ್ಪಿಹೋಗಿತ್ತು. ಹೆಂಡತಿಯೂ ಉಳಿಯಲಿಲ್ಲ. ಹೊಸ ಪರೀಕ್ಷೆ ಬರೆಯಬಹುದಿತ್ತು. ಐವತ್ತು ದಾಟಿದವರಿಗೆ ಮನಸ್ಸು ಬರಲಿಲ್ಲ. ಅಂಗಡಿಗಳ ಲೆಕ್ಕ ಬರೆಯುವುದನ್ನು ಬಿಡಲಿಲ್ಲ, ಆಡಿಟರಾಗಿ ಅದಕ್ಕೆ ಸಹಿ ಹಾಕುವ ಹಕ್ಕು ಮಾತ್ರ ಹೋಯಿತು.

ಐವತ್ತರ ದಶಕದ ಕೊನೆಗೆ ನಾನು ಹೊಸ ಸಿ.ಎ. ಆಗಿ ಬಂಟ್ವಾಳದಲ್ಲಿ ಕಚೇರಿ ತೆರೆದೆ. ಮೊದಲ ವಾರವೇ ಅವರು ಬಂದರು. ಜಗಳಕ್ಕೆ ಎಂದುಕೊಂಡೆ.

"ಹೋಗುವ. ನನ್ನ ಅಂಗಡಿಯವರನ್ನೆಲ್ಲ ತೋರಿಸ್ತೇನೆ," ಎಂದರು.

ಮೆಲ್ಕಾರಿನ ಬ್ಯಾರಿ ವ್ಯಾಪಾರಿಯೊಬ್ಬರು ನನ್ನತ್ತ ನೋಡಲೂ ಇಲ್ಲ. "ನಮಗೆ ನೀವೇ ಸಾಕು ಆಡಿಟರೇ."

"ಸರಕಾರಕ್ಕೆ ಸಾಕಾಗುದಿಲ್ಲ ಮಾರಾಯ್ರೇ. ಇನ್ನು ಇವರ ಸಹಿಯೇ ಆಗ್ಬೇಕು."

ಒಂದು ತಿಂಗಳು ಅಂಗಡಿ ಅಂಗಡಿಗೂ ಹೋಗಿ ಅದೇ ಮಾತು ಹೇಳಿದರು. ಹಿಂತಿರುಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಮಾಡುತ್ತಿರಲಿಲ್ಲ.

ಆಮೇಲೆ ಕೆಲವು ವರ್ಷ ನನ್ನ ಕಚೇರಿಯಲ್ಲೇ ಲೆಕ್ಕ ಬರೆದರು. ಒಮ್ಮೆ ಮೂಡುಬಿದಿರೆಯ ಅಕ್ಕಿ ಗಿರಣಿಯ ಲೆಕ್ಕಕ್ಕೆ ನಾನು ಓದದೆ ಸಹಿ ಹಾಕಹೊರಟೆ. ಅವರು ಕಾಗದ ಕಸಿದುಕೊಂಡರು.

"ನಾನು ಮಾಡಿದ್ದು ಅಂತ ಹಾಕ್ಬೇಡಿ. ನೋಡಿ."

ನೋಡಿದೆ. ತಪ್ಪಿತ್ತು. ಹಿಂದಿನ ವರ್ಷದ ದಾಸ್ತಾನನ್ನೇ ಮತ್ತೆ ಬರೆದಿದ್ದರು. ಹೇಳಲೋ ಬೇಡವೋ ಎಂದು ನಾನು ತಡವರಿಸುವಾಗಲೇ ಅವರಿಗೆ ಗೊತ್ತಾಯಿತು.

"ಕಣ್ಣು ಹೋಯ್ತು. ಇನ್ನು ಸಾಕು," ಎಂದರು.

ಮರುದಿನ ಬರಲಿಲ್ಲ. ಕರೆಯಲು ಹೋದರೆ ಬಾಗಿಲಲ್ಲೇ ನಿಂತು ಕೈ ಮುಗಿದರು. ಅಂದಿನಿಂದ ಓದದೆ ನಾನು ಒಂದು ಸಹಿಯನ್ನೂ ಹಾಕಿಲ್ಲ. ಅವರಿಗೆ ಅದನ್ನು ಹೇಳಲಾಗಲಿಲ್ಲ.

ಅರವತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಉತ್ತರಕ್ರಿಯೆಯ ಕಾಗದ ಅಚ್ಚಿಗೆ ಕೊಡುವಾಗ ಮಗಳು ನನ್ನಲ್ಲಿ ಕೇಳಿದರು: "ಅಪ್ಪನ ಹೆಸರಿನ ಮುಂದೆ ಏನಾದ್ರೂ ಹಾಕ್ಲಿಕ್ಕೆ ಉಂಟಾ?"

ಕಾನೂನಿನ ಪ್ರಕಾರ ಇರಲಿಲ್ಲ. "ಆರ್.ಎ. ಅಂತ ಹಾಕಿ," ಎಂದೆ.

ಹಾಕಿಸಿದರು. ಹಾಗೆಂದರೇನು ಎಂದು ಅಚ್ಚಿನವನು ಕೇಳಿದನಂತೆ. ಮಗಳಿಗೂ ಗೊತ್ತಿರಲಿಲ್ಲ.