ಮುಂಬರುವ ಕಾರ್ಯಕ್ರಮಗಳನ್ನು ಓದುತ್ತಿದ್ದ ಲೀಲಮ್ಮ

ಗಂಡ ದಕ್ಷಿಣಾಮೂರ್ತಿ ಸರ್ವೀಸಿನಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಲೀಲಮ್ಮನವರಿಗೆ ಅವರ ಇಲಾಖೆಯಲ್ಲೇ ಅನುಕಂಪದ ಆಧಾರದ ಮೇಲೆ ಗುಮಾಸ್ತೆಯ ಕೆಲಸ ಸಿಕ್ಕಿತು. ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸೂ ಅವರ ಹೆಸರಿಗೇ ಆಯಿತು. ಮಕ್ಕಳಿರಲಿಲ್ಲ. ತುಮಕೂರಿನ ಅಣ್ಣ, ಬಂದುಬಿಡು ಎಂದು ಒಂದೆರಡು ಸಲ ಕರೆದು ಸುಮ್ಮನಾದ. ಅತ್ತಿಗೆಯ ಅಡುಗೆಮನೆಯಲ್ಲಿ ಜಾಗ ಕೇಳಿಕೊಂಡು ಹೋಗುವುದು ಇವರಿಗೂ ಬೇಡವಾಗಿತ್ತು.

ದೆಹಲಿಯಲ್ಲಿ ಅವರಿಗೆ ಹೇಳಿಕೊಳ್ಳುವಂಥ ಕಷ್ಟವೇನೂ ಇರಲಿಲ್ಲ. ಆಫೀಸಿನವರು ಒಳ್ಳೆಯವರು. ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ತರಕಾರಿ ಭಯ್ಯಾನ ಹತ್ತಿರ ಜಗಳವಾಡುವಷ್ಟು, ಎದುರುಮನೆಯ ಮಗುವನ್ನು ರಮಿಸುವಷ್ಟು. ಆದರೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಕನ್ನಡದಲ್ಲಿ ಒಂದು ಮಾತು ಆಡಲು ಯಾರೂ ಇಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿದಾಗ ಅವರ ಬಾಯಿಂದ ತಾನಾಗಿ ‘ಹಾಯ್ ರಾಮ್’ ಎಂದು ಬಂತು. ಗ್ಯಾಸ್ ಆರಿಸಿ, ಉಕ್ಕಿದ್ದನ್ನು ಒರೆಸದೆ ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟರು. ಆ ವಾರದಿಂದಲೇ ಅವರು ಶುಕ್ರವಾರ ಆಫೀಸು ಮುಗಿಸಿ ಮುನಿರ್ಕಾದ ರತ್ನಾಕರನ ಹೋಟೆಲಿಗೆ ಹೋಗತೊಡಗಿದ್ದು. ರತ್ನಾಕರ ಕುಂದಾಪುರದ ಕಡೆಯವನು. ಗಲ್ಲಾದಲ್ಲಿ ಕೂತೇ ಬಂದವರ ಊರು, ಕೇರಿ ವಿಚಾರಿಸುವವನು. ಅವನ ಜೊತೆ ನಾಲ್ಕು ಮಾತು, ಒಂದು ಕಾಫಿ.

ಅದೇ ಹೋಟೆಲಿನ ಮೇಲಿನ ಚಿಕ್ಕ ಕೋಣೆಯಲ್ಲಿ, ಎರಡು ಸಾವಿರದ ಏಳರಲ್ಲಿ, ಒಂದು ಇಂಟರ್ನೆಟ್ ರೇಡಿಯೋ ಶುರುವಾಯಿತು. ಗುರಗಾಂವದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ ರಾಘವ ಎಂಬ ಹುಡುಗ ಒಂದು ಕಂಪ್ಯೂಟರನ್ನೂ ಮೈಕನ್ನೂ ತಂದಿಟ್ಟ. ರತ್ನಾಕರ ಕೋಣೆ ಕೊಟ್ಟ, ಹೊರಗಿನ ಸದ್ದು ಬಾರದಂತೆ ಗೋಡೆಗೆ ಹಳೆಯ ಕಂಬಳಿ ಹೊಡೆಸಿಕೊಟ್ಟ. ದೆಹಲಿಯ ಸುತ್ತಮುತ್ತಲಿನ ಕನ್ನಡದವರು ಕಂಪ್ಯೂಟರಿನಲ್ಲಿ ಕೇಳಬೇಕೆಂಬುದು ಅವರ ಆಸೆ. ಶನಿವಾರ ಸಂಜೆ ಸಂಗೀತ. ಅದನ್ನು ನಡೆಸುತ್ತಿದ್ದವರು ಅಶ್ವತ್ಥನಾರಾಯಣ ಎಂಬ ನಿವೃತ್ತ ಅಧಿಕಾರಿ. ಮನೆ ತುಂಬ ಕ್ಯಾಸೆಟ್ ಇಟ್ಟುಕೊಂಡಿದ್ದವರು. ಭಾನುವಾರ ಬೆಳಿಗ್ಗೆ ರಾಘವನದೇ ತಂತ್ರಜ್ಞಾನದ ಕಾರ್ಯಕ್ರಮ. ಶುಕ್ರವಾರ ಸಂಜೆ, ಆ ವಾರ ಏನೇನು ಬರಲಿದೆ ಎಂದು ಯಾರಾದರೂ ಓದಬೇಕಿತ್ತು.

“ಲೀಲಮ್ಮ, ನೀವೊಂದು ಓದಿ ಕೊಡಿ ಮಾರಾಯ್ರೆ. ನಮ್ಮ ರಾಘವ ಓದಿದ್ರೆ ಟ್ರೈನ್ ತಪ್ಪಿಹೋಗ್ತದೆ ಅನ್ನೋ ಹಾಗೆ ಓದ್ತಾನೆ,” ಎಂದ ರತ್ನಾಕರ.

ಅವರು ಮೇಲೆ ಹೋದರು. ಮೈಕಿನ ಮುಂದೆ ಕೂತು, ರಾಘವ ಕೊಟ್ಟ ಹಾಳೆಯನ್ನು ಓದಿದರು. ನಾಳೆ ಸಂಜೆ ಹಿಂದೋಳ ಮತ್ತು ಮಾಲ್‌ಕೌಂಸ್: ದಕ್ಷಿಣದ ವೀಣೆಯಲ್ಲೂ ಉತ್ತರದ ಸಿತಾರಿನಲ್ಲೂ ಒಂದೇ ಸ್ವರಗಳು ಹೇಗೆ ಬೇರೆಯಾಗಿ ಕೇಳುತ್ತವೆ. ಭಾನುವಾರ, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ. ಓದಿ ಮುಗಿಸಿ ಕೆಳಗಿಳಿದು ಇನ್ನೊಂದು ಕಾಫಿ ಹೇಳಿದರು. ಇಷ್ಟು ಹೊತ್ತು ಒಂದೇ ಸಮನೆ ಕನ್ನಡ ಮಾತಾಡಿ ಎಷ್ಟು ಕಾಲವಾಗಿತ್ತೋ.

ಅಂದಿನಿಂದ ಅದು ಅವರ ಕೆಲಸವಾಯಿತು. ಶುಕ್ರವಾರಕ್ಕೆಂದು ಒಂದು ಒಳ್ಳೆಯ ಸೀರೆ ಬೇರೆ ತೆಗೆದಿಟ್ಟರು. ನೋಡುವವರು ಯಾರೂ ಇಲ್ಲ ಎಂದು ಗೊತ್ತಿದ್ದೂ ಉಟ್ಟರು. ಬಾಗೇಶ್ರೀ, ಪೆನ್ ಡ್ರೈವ್, ಶಹನಾಯಿ, ಈಮೇಲು ಕಳ್ಳರಿಂದ ಎಚ್ಚರವಾಗಿರುವ ಬಗೆ, ಎಲ್ಲವನ್ನೂ ಒಂದೇ ಅಕ್ಕರೆಯಿಂದ ಓದಿದರು. ಆದರೆ ಒಂದು ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತಾವು ಓದಿ ಹೇಳಿದ ಕಾರ್ಯಕ್ರಮಗಳಲ್ಲಿ ಒಂದನ್ನೂ ಅವರು ಕೇಳಿರಲಿಲ್ಲ. ಶನಿವಾರ ಸಂಜೆ ಬಾಲ್ಕನಿಯಲ್ಲಿ ಕೂತು, ಈಗ ಶುರುವಾಗಿರಬೇಕು ಎಂದುಕೊಳ್ಳುತ್ತಿದ್ದರು, ಅಷ್ಟೇ.

ಕೇಳುವವರು ಹೆಚ್ಚಿರಲಿಲ್ಲ. ಆದರೂ ಒಬ್ಬ ಮಾತ್ರ ಶುಕ್ರವಾರ ತಪ್ಪದೆ ರೇಡಿಯೋದ ವೆಬ್‌ಸೈಟಿನಲ್ಲಿ ಒಂದು ಸಾಲು ಬರೆಯುತ್ತಿದ್ದ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: ‘ಕೇಳಿದೆ ಮೇಡಂ. ಚಂದ್ರಪ್ಪ, ಮಾನೇಸರ್.’ ರಾಘವ ಓದಿ ಹೇಳಿದಾಗ ಲೀಲಮ್ಮ ಹೌದೇ ಎನ್ನುತ್ತಿದ್ದರು. ಗುರಗಾಂವದಾಚೆಯ ಫ್ಯಾಕ್ಟರಿಗಳ ಊರು ಮಾನೇಸರಿನಲ್ಲಿ ಕೂತು ಮಾಲ್‌ಕೌಂಸ್ ಕೇಳುವ ಈ ಚಂದ್ರಪ್ಪ ಸಂಗೀತ ಬಲ್ಲ ಹಿರಿಯರಿರಬೇಕು, ಫ್ಯಾಕ್ಟರಿಯ ದೊಡ್ಡ ಅಧಿಕಾರಿಯಿರಬೇಕು ಎಂದುಕೊಂಡಿದ್ದರು.

ಮುಂದಿನ ವರ್ಷ ಚಳಿ ಶುರುವಾಗುವ ಹೊತ್ತಿಗೆ ಎಲ್ಲ ಕಡೆ ಕೆಲಸಗಳು ಹೋಗತೊಡಗಿದವು. ತಿಂಗಳೊಳಗೆ ಹೈದರಾಬಾದಿಗೆ ಹೊರಡಬೇಕೆಂದು ಕಂಪನಿಯವರು ರಾಘವನಿಗೆ ಹೇಳಿದರು. ಅಶ್ವತ್ಥನಾರಾಯಣರಿಗೆ ಕಣ್ಣಿನ ಆಪರೇಷನ್ ಆಗಿ, ಅವರು ಮಗಳ ಮನೆ ಸೇರಿದರು. ಕೋಣೆಯನ್ನು ಅಡುಗೆಯವರಿಗೆ ಮಲಗಲು ಕೊಡಬೇಕಾಗಿದೆ ಎಂದು ರತ್ನಾಕರ ನೆಲ ನೋಡುತ್ತ ಹೇಳಿದ. ಕೊನೆಯ ಶುಕ್ರವಾರ ರಾಘವ ಒಂದು ಹಾಳೆ ಕೊಟ್ಟ. ಅದರಲ್ಲಿ, ಸೇವೆಯನ್ನು ನಿಲ್ಲಿಸಲಾಗಿದೆ, ಸಹಕಾರಕ್ಕೆ ಧನ್ಯವಾದ ಎಂದಿಷ್ಟೇ ಇತ್ತು.

ಲೀಲಮ್ಮ ಅದನ್ನು ಓದಿದರು. ಓದಿದ ಮೇಲೂ ಮೈಕಿನ ಮುಂದಿನಿಂದ ಏಳಲಿಲ್ಲ. ರಾಘವ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

“ಇನ್ನು ಮುಂದೆ ಕಾರ್ಯಕ್ರಮಗಳಿಲ್ಲ,” ಎಂದರು ಲೀಲಮ್ಮ. “ನನ್ನ ಹೆಸರು ಲೀಲಮ್ಮ. ಭಾನುವಾರ ನಾಲ್ಕು ಗಂಟೆಗೆ ನಾನು ಇಲ್ಲೇ, ಮುನಿರ್ಕಾದ ರತ್ನಾಕರ ಅವರ ಹೋಟೆಲಿನಲ್ಲಿ ಇರ್ತೀನಿ. ಯಾರಿಗಾದ್ರೂ ಕನ್ನಡ ಮಾತಾಡಬೇಕು ಅನ್ನಿಸಿದ್ರೆ ಬನ್ನಿ.”

ರಾಘವ ಗುಂಡಿ ಒತ್ತಿದ.

ಮೊದಲ ಭಾನುವಾರ ಯಾರೂ ಬರಲಿಲ್ಲ. ಎರಡನೆಯ ಭಾನುವಾರವೂ ಇಲ್ಲ. ರತ್ನಾಕರ ತಾನೇ ಬಂದು ಎದುರು ಕೂತು ಹವೆಯ ಬಗ್ಗೆ ಮಾತಾಡಿ ಎದ್ದುಹೋದ. ಅವನು ಕನಿಕರಕ್ಕೆ ಬಂದದ್ದೆಂದು ಲೀಲಮ್ಮನಿಗೆ ಗೊತ್ತಾಗಿ ಮುಖ ಬಿಸಿಯಾಯಿತು. ಮುಂದಿನ ವಾರ ಬರುವುದು ಬೇಡವೆಂದುಕೊಂಡೇ ಮನೆಗೆ ಹೋದರು. ಆದರೂ ಬಂದರು.

ಆ ದಿನ ಸ್ವೆಟರು ಹಾಕಿಕೊಂಡ, ಮೂವತ್ತು ದಾಟದ ಒಬ್ಬ ಗಂಡಸು ಬಾಗಿಲಲ್ಲಿ ನಿಂತು, ಒಳಗಿದ್ದ ಹೆಂಗಸರ ಮುಖಗಳನ್ನು ಸಂಕೋಚದಿಂದ ನೋಡುತ್ತಿದ್ದ. ಲೀಲಮ್ಮ ಕಾಫಿ ಬೇಕೆಂದು ಮಾಣಿಗೆ ಹೇಳಿದ ದನಿ ಕೇಳಿ ಸೀದಾ ಅವರ ಟೇಬಲಿಗೆ ಬಂದ.

“ಮೇಡಂ, ನಾನು ಚಂದ್ರಪ್ಪ,” ಎಂದ.

ಅವನು ಹಿರಿಯನೂ ಅಲ್ಲ, ಅಧಿಕಾರಿಯೂ ಅಲ್ಲ. ದಾವಣಗೆರೆಯ ಐಟಿಐ ಮುಗಿಸಿ, ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಮಶೀನು ನಡೆಸುತ್ತಿದ್ದ. ಬಂದು ಕೂತವನಿಗೆ ಲೀಲಮ್ಮ ಕಾಫಿ ತರಿಸಿದರು. ಏನು ಕೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಧೌಲಾ ಕುಆಂನಲ್ಲಿ ಇಳಿದ ಮೇಲೆ ಇಲ್ಲಿಗೆ ಬಸ್ಸು ಸಿಕ್ಕಿತೇ ಎಂದು ಕೇಳಿದರು, ಸಿಕ್ಕಿತು ಎಂದ. ಕೊನೆಗೆ, ಸಂಗೀತದ ಕಾರ್ಯಕ್ರಮಗಳಲ್ಲಿ ಯಾವುದು ಹಿಡಿಸಿತು ಎಂದು ಕೇಳಿದರು.

ಅವನು ಲೋಟ ತಿರುಗಿಸುತ್ತ ಕೂತ. “ಬೇಜಾರ್ ಮಾಡ್ಕೋಬೇಡಿ ಮೇಡಂ. ಈ ವಾರದಿಂದ ಭಾನುವಾರ ರಜಾ ಕೊಟ್ಟಿದ್ದಾರೆ, ಮುಂಚೆ ಶನಿವಾರ, ಭಾನುವಾರ ನಂಗೆ ಡ್ಯೂಟಿ. ಕಾರ್ಯಕ್ರಮ ಒಂದೂ ಕೇಳಿಲ್ಲ. ಶುಕ್ರವಾರ ರಜಾ ಇರ್ತಿತ್ತು, ಸೈಬರ್ ಕೆಫೆಗೆ ಹೋಗಿ ನೀವು ಓದೋದಷ್ಟೇ ಕೇಳ್ತಿದ್ದೆ. ಕೇಳಿದ್ರೆ ನಾಳೆ ಏನೋ ಇದೆ ಅನ್ನಿಸ್ತಿತ್ತು.”

ಲೀಲಮ್ಮ ತಮ್ಮ ಲೋಟ ಕೆಳಗಿಟ್ಟರು.

“ನಾನೂ ಕೇಳಿಲ್ಲಪ್ಪ,” ಎಂದರು. “ಒಂದೂ ಕೇಳಿಲ್ಲ.”

ಇಬ್ಬರೂ ನಕ್ಕರು. ಆಮೇಲೆ ಮಾತು ಹರಿಯಿತು. ಹಿಂದೋಳ ಅಂದರೆ ಹೇಗಿರುತ್ತದೋ ಎಂದು ಅವನು ಕೇಳಿದ. ಮದುವೆಗೆ ಮುಂಚೆ ಮೂರು ವರ್ಷ ಸಂಗೀತ ಪಾಠ ಹೇಳಿಸಿಕೊಂಡಿದ್ದ ಲೀಲಮ್ಮ, ಪಕ್ಕದ ಟೇಬಲಿನವರಿಗೆ ಕೇಳಿಸದ ಹಾಗೆ ಆರೋಹಣ, ಅವರೋಹಣ ಹಾಡಿ ತೋರಿಸಿದರು. ಅವನು, ಮೊಬೈಲಿನಲ್ಲಿ ಕನ್ನಡ ಅಕ್ಷರ ಬರಿಸುವುದನ್ನು ತಾನಾಗಿ ಕಲಿಯಲು ಹೋಗಿ ಫೋನೇ ಕೆಟ್ಟ ಕಥೆ ಹೇಳಿದ. ಕತ್ತಲಾಗುವ ಮುಂಚೆ, ಬಸ್ಸು ತಪ್ಪೀತೆಂದು ಲೀಲಮ್ಮನವರೇ ಅವನನ್ನು ಎಬ್ಬಿಸಿ ಕಳಿಸಿದರು.

ಅವನು ಇನ್ನೂ ಕೆಲವು ಸಲ ಬಂದ. ಹೋಳಿಯ ಹೊತ್ತಿಗೆ ಫ್ಯಾಕ್ಟರಿ ಕಾಂಟ್ರ್ಯಾಕ್ಟಿನವರನ್ನೆಲ್ಲ ತೆಗೆಯಿತು. ಪುಣೆಯಲ್ಲಿ ಗೆಳೆಯನೊಬ್ಬ ಕೆಲಸ ಕೊಡಿಸುತ್ತಾನೆಂದು ಹೇಳಿ, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಅಲ್ಲಿಂದ ಒಂದೇ ಸಲ ಫೋನ್ ಬಂತು. ಹಿಂದೆ ಮಶೀನಿನ ಸದ್ದು ಜೋರಾಗಿತ್ತು. ಊಟ ಆಯಿತೇ ಎಂದು ಇಬ್ಬರೂ ಎರಡೆರಡು ಸಲ ಕೇಳಿಕೊಂಡರು. ಆಮೇಲೆ ಆ ನಂಬರಿಗೆ ಇವರು ಮಾಡಿದರೆ ಬೇರೆ ಯಾರೋ ಮರಾಠಿಯಲ್ಲಿ ಮಾತಾಡಿದರು.

ಮುಂದೆ ಲೀಲಮ್ಮ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡರು. ಕನೆಕ್ಷನ್ ಹಾಕಲು ಬಂದವನು, ಆಂಟೀಜೀ, ಏನು ನೋಡಬೇಕು ನಿಮಗೆ ಎಂದು ಹಿಂದಿಯಲ್ಲಿ ಕೇಳಿದ. ನೋಡುವುದಕ್ಕಲ್ಲ, ಕೇಳುವುದಕ್ಕೆ ಎಂದರು. ಶನಿವಾರ ಸಂಜೆ ಹೆಡ್‌ಫೋನು ಹಾಕಿಕೊಂಡು, ಎಲ್ಲೆಲ್ಲಿಯದೋ ಸ್ಟೇಷನ್ನುಗಳನ್ನು ಹುಡುಕುತ್ತ ಹೋಗುತ್ತಿದ್ದರು. ಒಮ್ಮೆ ತೀರಾ ದೂರದ, ಭಾಷೆ ತಿಳಿಯದ ಊರೊಂದರ ಸ್ಟೇಷನ್ ಸಿಕ್ಕಿತು. ಹೆಂಗಸೊಬ್ಬಳು ನಿಧಾನವಾಗಿ ಏನೋ ಓದುತ್ತಿದ್ದಳು. ಹೆಸರುಗಳು, ನಡುನಡುವೆ ವೇಳೆಯಂಥದ್ದೇನೋ. ಲೀಲಮ್ಮ ಬೇರೆ ಸ್ಟೇಷನ್ನಿಗೆ ಹೋಗದೆ, ಅವಳು ಓದಿ ಮುಗಿಸುವ ತನಕ ಕೇಳಿದರು.